ಎರಡು ಟೀ ತಡೆಯುವ ಮಾಲು

ಪುಟ್ಟಸ್ವಾಮಿಯವರು ಎಸ್‌ಎಂಪಿಎಸ್ ಡಬ್ಬಿಯನ್ನು ಮೊದಲು ಮೂಸಿ ನೋಡುತ್ತಿದ್ದರು. ಹಲಸಿನ ಹಣ್ಣು ಕೊಳ್ಳುವವರ ಹಾಗೆ ಕಣ್ಣು ಮುಚ್ಚಿ, ಫ್ಯಾನಿನ ಜಾಲರಿಗೆ ಮೂಗು ಹಚ್ಚಿ, ನಿಧಾನವಾಗಿ. ಆಮೇಲೆ ಅಂಗೈ ಮೇಲಿಟ್ಟುಕೊಂಡು ಎರಡು ಸಲ ಮೇಲೆ ಕೆಳಗೆ ಆಡಿಸಿ ತೂಕ ನೋಡುವರು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಇಷ್ಟೆಲ್ಲ ಮುಗಿದ ಮೇಲೆ ಅದರ ಮೈಮೇಲೆ ಅಂಟಿಸಿದ್ದ ಚೀಟಿ ಓದುವರು, ಅದೂ ನಗುವುದಕ್ಕೆ.

“ನಾನೂರೈವತ್ತು ವ್ಯಾಟ್ ಅಂತೆ! ಬರ್ಕೊಳಕ್ಕೇನು ಮೇಡಮ್ನೋರೆ, ನಾನೂ ನನ್ನ ಗೂಡಿನ ಮುಂದೆ ಪ್ಯಾಲೇಸ್ ಅಂತ ಬೋರ್ಡ್ ಹಾಕ್ಕೋಬೋದು.”

ಗೂಡು ಎಂದದ್ದು ಸುಳ್ಳಲ್ಲ. ಬನಶಂಕರಿ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನನ್ನ ಟೈಪಿಂಗ್, ಡಿಟಿಪಿ, ಜೆರಾಕ್ಸ್ ಅಂಗಡಿ ಇರುವ ಕಟ್ಟಡದಲ್ಲೇ, ಮೆಟ್ಟಿಲ ಕೆಳಗೆ ಅವರ ಕಂಪ್ಯೂಟರ್ ರಿಪೇರಿ. ಒಳಗೆ ನೆಟ್ಟಗೆ ನಿಂತರೆ ತಲೆ ಬಡಿಯುತ್ತದೆ. ಮೊದಲು ಅಲ್ಲೇ ಟಿವಿ ರಿಪೇರಿ ಮಾಡುತ್ತಿದ್ದರಂತೆ. ಡಬ್ಬದಂಥ ಟಿವಿಗಳು ಹೋದ ಮೇಲೆ ಕಂಪ್ಯೂಟರಿಗೆ ಬಂದರು. ಬೇಗೂರಿನವರು. ದಿನಾ ಎರಡು ಬಸ್ಸು ಬದಲಾಯಿಸಿ ಬಂದು, ಹತ್ತು ಗಂಟೆಗೆ ಶಟರ್ ಎತ್ತಿ, “ಅಯ್ಯಪ್ಪಾ, ಸಾಕಾಗೋಯ್ತು” ಎನ್ನುವರು. ದಿನದ ಕೆಲಸ ಶುರುವಾಗುತ್ತಿದ್ದದ್ದೇ ಈ ಮಾತಿನಿಂದ. ನನಗೂ ಇಪ್ಪತ್ತು ವರ್ಷದಿಂದ ಅದೇ ಕುರ್ಚಿ, ಅದೇ ಕೀಬೋರ್ಡು, “ಮೇಡಂ ಬೇಗ ಕೊಡಿ” ಎನ್ನುವ ಅದೇ ಜನ. ಹಾಗಾಗಿ ಬೆಳಿಗ್ಗೆ ಬೆಳಿಗ್ಗೆಯೇ ಸುಸ್ತಾದ ಒಬ್ಬರು ಪಕ್ಕದಲ್ಲಿದ್ದಾರೆ ಎನ್ನುವುದು ನನಗೆ ಸಮಾಧಾನದ ಸಂಗತಿಯೇ ಆಗಿತ್ತು.

ಎಸ್‌ಎಂಪಿಎಸ್ ಎಂದರೆ ಗೋಡೆಯ ಕರೆಂಟನ್ನು ಪಳಗಿಸಿ ಕಂಪ್ಯೂಟರಿಗೆ ಉಣಿಸುವ ಡಬ್ಬಿ. ಇಟ್ಟಿಗೆಗಿಂತ ಸ್ವಲ್ಪ ದೊಡ್ಡದು, ಕ್ಯಾಬಿನೆಟ್ಟಿನ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಕೂತಿರುತ್ತದೆ. ಅದು ಚೆನ್ನಾಗಿರುವವರೆಗೆ ಅದೊಂದು ಇದೆ ಎಂದು ಯಾರೂ ನೆನೆಯುವುದಿಲ್ಲ. ಕೆಟ್ಟಾಗ ಮಾತ್ರ ಒಂದೇ ಹೋಗುವುದಿಲ್ಲ, ಸುತ್ತಲಿದ್ದವರನ್ನೂ ಕರೆದುಕೊಂಡು ಹೋಗುತ್ತದೆ. ಒಮ್ಮೆ ಒಬ್ಬ ಸಾಫ್ಟ್‌ವೇರ್ ಸಾಹೇಬರು ಬಣ್ಣಬಣ್ಣದ ದೀಪ ಉರಿಯುವ ಗೇಮ್ ಆಡುವವರ ಭಾರಿ ಬೆಲೆಯ ಗ್ರಾಫಿಕ್ಸ್ ಕಾರ್ಡು ತಂದು, ಎಸ್‌ಎಂಪಿಎಸ್ ಮಾತ್ರ ಇರುವುದರಲ್ಲಿ ಚೀಪ್ ಹಾಕಿ ಅಂದರು. ಪುಟ್ಟಸ್ವಾಮಿಯವರು ಕನ್ನಡಕ ತೆಗೆದು ಒರೆಸಿಕೊಂಡರು.

“ಏನ್ ಸಾರ್, ಮದುವೆ ಹೆಣ್ಣಿಗೆ ಮೈತುಂಬ ಚಿನ್ನ ಹಾಕಿ, ಊಟಕ್ಕೆ ಮಾತ್ರ ಬರೀ ನೀರು ಮಜ್ಜಿಗೆ ಅಂತೀರಲ್ಲ!”

ಹಾಗೆಂದು ಅಗ್ಗದ ಮಾಲನ್ನೆಲ್ಲ ಜರೆಯುವವರಲ್ಲ. ನಮ್ಮ ಕಡೆ ಬರುವವರೆಲ್ಲ ಟೈಲರ್‌ಗಳು, ಟ್ಯೂಷನ್ ಟೀಚರ್‌ಗಳು, ನನ್ನಂಥ ಟೈಪಿಂಗಿನವರು. “ಕಮ್ಮಿ ರೇಟಿನಾಗೂ ಮರ್ಯಾದಸ್ತ ಮಾಲು ಇರ್ತದೆ. ಹುಡುಕ್ಬೇಕು ಅಷ್ಟೆ. ಹುಡುಕಕ್ಕೆ ಯಾರಿಗೂ ಪುರುಸೊತ್ತಿಲ್ಲ” ಎನ್ನುವರು. ಹುಡುಕುವ ಆ ಕೆಲಸವನ್ನು ಅವರು ಎಲ್ಲರ ಪರವಾಗಿ ಮಾಡುತ್ತಿದ್ದರು. ಜನ ಬೇರೆಲ್ಲೋ ಕೊಂಡ ಡಬ್ಬಿಯನ್ನೂ ತಂದು, “ನೋಡಿ ಹೇಳಿ ಪುಟ್ಸಾಮಣ್ಣ” ಎಂದು ಅವರ ಮುಂದಿಡುವರು.

ಅವರು ನೋಡುತ್ತಿದ್ದ ರೀತಿ ಹೀಗೆ. ಹಲಗೆಯೊಂದಕ್ಕೆ ಆಟೋರಿಕ್ಷಾದ ಮೂರು ಹೆಡ್‌ಲೈಟ್ ಬಲ್ಬು ಕಟ್ಟಿದ್ದರು. ಡಬ್ಬಿಯ ಹಸಿರು ವೈರಿಗೂ ಕಪ್ಪು ವೈರಿಗೂ ಒಂದು ಪೇಪರ್ ಕ್ಲಿಪ್ ಸಿಕ್ಕಿಸಿದರೆ ಫ್ಯಾನು ತಿರುಗುತ್ತದೆ. ಹಳದಿ ವೈರನ್ನು ಬಲ್ಬುಗಳಿಗೆ ಕೊಟ್ಟರೆ ಮೂರೂ ಝಗ್ಗನೆ ಹತ್ತಿಕೊಳ್ಳುತ್ತವೆ. ಪಕ್ಕದಲ್ಲಿ ಮೀಟರು. ಹನ್ನೆರಡು ವೋಲ್ಟು ತೋರಿಸಬೇಕು, ಹನ್ನೊಂದೂವರೆಗಿಂತ ಕೆಳಗಿಳಿದರೆ ಫೇಲು. ಆದರೆ ಅಗ್ಗದ ಡಬ್ಬಿಗಳು ಮೊದಲ ಹತ್ತು ನಿಮಿಷ ಒಳ್ಳೆಯವರ ಹಾಗೇ ಇರುತ್ತವೆ, ಬಿಸಿಯಾದ ಮೇಲೆ ಬಣ್ಣ ಬಯಲಾಗುತ್ತದೆ. ಅದಕ್ಕೇ ಬಲ್ಬು ಹೊತ್ತಿಸಿ, ಎದುರಿನ ಮಣಿಯ ಅಂಗಡಿಯಿಂದ ಒಂದು ಟೀ ತರಿಸಿಕೊಂಡು ಕೂರುವರು. ಟೀ ಮುಗಿಯುವವರೆಗೆ ಮೀಟರು ಅಲುಗದಿದ್ದರೆ ಅದು ಒಂದು ಟೀ ಮಾಲು, ಮನೆಯಲ್ಲಿ ಯಾವಾಗಲೋ ಒಮ್ಮೆ ಹಾಕುವ ಕಂಪ್ಯೂಟರಿಗೆ ಸಾಕು. ಎರಡು ಟೀ ತಡೆದರೆ ನನ್ನಂಥವರ ದಿನವಿಡೀ ದುಡಿಯುವ ಮೆಷಿನ್ನಿಗೆ. ಮೂರು ಟೀ ತಡೆಯುವುದನ್ನು ನಮ್ಮ ರಸ್ತೆಯವರು ಕೊಳ್ಳುವುದಿಲ್ಲ ಬಿಡಿ. ಪರೀಕ್ಷೆ ಮುಗಿದ ಮೇಲೆ ಗ್ಲಾಸನ್ನು ಠಣ್ಣನೆ ಟೇಬಲ್ಲಿನ ಮೇಲಿಟ್ಟು, “ಪಾಸಾಯ್ತು!” ಎನ್ನುವರು. ಆ ಕೂಗು ಮೆಟ್ಟಿಲ ಕೆಳಗಿನಿಂದ ನನ್ನ ಅಂಗಡಿಗೆ ಕೇಳುತ್ತಿತ್ತು.

“ಗಡಿಯಾರ ಇಟ್ಕೊಳ್ಬಾರ್ದಾ?” ಎಂದು ಕೇಳಿದ್ದೆ.

“ಗಡಿಯಾರ ನೋಡಿದ್ರೆ ಬಲ್ಬ್ ನೋಡೋರ್ಯಾರು? ಟೀ ಆದ್ರೆ ನಾಲಿಗೆ ನೋಡ್ಕೊಳ್ತದೆ, ಕಣ್ಣು ಫ್ರೀ.”

ಇನ್ನೊಂದು ಅಭ್ಯಾಸವಿತ್ತು. ದುಬಾರಿ ಎಸ್‌ಎಂಪಿಎಸ್‌ಗಳಲ್ಲಿ ಬೇಕಾದ ವೈರನ್ನಷ್ಟೇ ಸಿಕ್ಕಿಸಿಕೊಂಡು ಉಳಿದದ್ದನ್ನು ಡಬ್ಬದಲ್ಲಿ ಎತ್ತಿಡಬಹುದು. ಅಗ್ಗದವುಗಳಲ್ಲಿ ಹಾಗಿಲ್ಲ, ಅಷ್ಟೂ ವೈರು ಹುಟ್ಟಿದಾಗಿನಿಂದಲೇ ಅಂಟಿಕೊಂಡಿರುತ್ತದೆ. ಬೇರೆಯವರು ಕೆಲಸಕ್ಕೆ ಬಾರದ ವೈರುಗಳನ್ನು ಮುದುರಿ ಯಾವುದೋ ಸಂದಿಗೆ ತುರುಕುತ್ತಾರೆ. ಪುಟ್ಟಸ್ವಾಮಿಯವರು ಮಾತ್ರ ಅವನ್ನು ಮೂರು ಪಾಲು ಮಾಡಿ ಬಿಗಿಯಾಗಿ ಜಡೆ ಹೆಣೆದು, ತುದಿಗೆ ದಾರ ಕಟ್ಟಿ, ಗಾಳಿಗೆ ಅಡ್ಡ ಬಾರದ ಹಾಗೆ ಪಕ್ಕಕ್ಕೆ ಕೂರಿಸುವರು. ಅವರ ಹೆಂಡತಿ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿಗೆ ಬೆಳಿಗ್ಗೆ ಏಳಕ್ಕೇ ಹೊರಡಬೇಕಿತ್ತಂತೆ. ಹಾಗಾಗಿ ಇಬ್ಬರು ಹೆಣ್ಣುಮಕ್ಕಳ ಜಡೆ ಇವರ ಪಾಲಿಗೆ. ಮಕ್ಕಳು ಮದುವೆಯಾಗಿ ಹೋದರು, ಹೆಂಡತಿಯೂ ತೀರಿಹೋದರು, ಕೈಗೆ ಅಭ್ಯಾಸ ಮಾತ್ರ ಉಳಿಯಿತು. “ಬೇಡ ಅಂತ ಕತ್ತರಿಸಕ್ಕಾಗಲ್ಲ ಮೇಡಮ್ನೋರೆ. ಅದ್ರ ಪಾಡಿಗೆ ಅದನ್ನ ಒಪ್ಪವಾಗಿ ಇಡ್ಬೇಕು” ಎನ್ನುವರು. ಜಯನಗರ, ಜೆಪಿ ನಗರ, ಬಿಟಿಎಂ, ಎಲ್ಲೇ ಕ್ಯಾಬಿನೆಟ್ಟು ಬಿಚ್ಚಿದಾಗ ಜಡೆ ಕಂಡರೆ ಅದು ಪುಟ್ಟಸ್ವಾಮಿಯವರ ಕೈ ಎಂದು ಇತರ ಮೆಕ್ಯಾನಿಕ್‌ಗಳಿಗೂ ಗೊತ್ತಿತ್ತು.

ಅಂಥವರ ಬಾಯಿ ಮುಚ್ಚಿಸಿದವಳು ನಾನು. ಅದನ್ನು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಕೊರೊನಾ ಕಳೆದ ಮರುವರ್ಷ. ತ್ಯಾಗರಾಜನಗರದ ಲಲಿತಮ್ಮ ಎಂಬ ನಿವೃತ್ತ ಮೇಷ್ಟರಮ್ಮ ತಮ್ಮ ಅತ್ತೆ ಬರೆದಿಟ್ಟಿದ್ದ ಸಂಪ್ರದಾಯದ ಹಾಡುಗಳ ನಾಲ್ಕು ನೋಟ್‌ಬುಕ್ ತಂದುಕೊಟ್ಟರು. ಮೊಮ್ಮಗಳ ಮದುವೆಯಲ್ಲಿ ಬಂದವರಿಗೆಲ್ಲ ತಾಂಬೂಲದ ಜೊತೆ ಪುಸ್ತಕ ಮಾಡಿ ಕೊಡಬೇಕೆಂದು ಅವರ ಆಸೆ. ಹಳೆಯ ಕೈಬರಹ, ಅಳಿಸಿದ ಸಾಲುಗಳು. ದಿನದ ಕೆಲಸಗಳ ನಡುನಡುವೆ, ಮೂರು ವಾರ ಮಣಿಕಟ್ಟಿಗೆ ಬ್ಯಾಂಡೇಜು ಸುತ್ತಿಕೊಂಡು ಟೈಪ್ ಮಾಡಿದೆ. ಇನ್ನೊಂದು ಕಡೆ ಕಾಪಿ ಇಟ್ಟುಕೊಳ್ಳುವ ಬುದ್ಧಿ ನನಗೂ ಇರಲಿಲ್ಲ, ಒಪ್ಪುತ್ತೇನೆ. ಮುದ್ರಣಕ್ಕೆ ಕೊಡಲು ಐದು ದಿನ ಇದೆ ಎನ್ನುವಾಗ, ಮಟಮಟ ಮಧ್ಯಾಹ್ನ, ಕ್ಯಾಬಿನೆಟ್ಟಿನೊಳಗೆ ಪಟಾಕಿ ಹೊಡೆದ ಹಾಗೆ ಸದ್ದಾಯಿತು. ಸುಟ್ಟ ಮೀನಿನಂಥ ವಾಸನೆ. ಎಸ್‌ಎಂಪಿಎಸ್ ಹೋಗುವಾಗ ಹಾರ್ಡ್‌ಡಿಸ್ಕನ್ನೂ ಸುಟ್ಟುಹಾಕಿತ್ತು. ಆ ಡಬ್ಬಿಯನ್ನು ಎರಡು ತಿಂಗಳ ಹಿಂದಷ್ಟೇ ಪುಟ್ಟಸ್ವಾಮಿಯವರೇ ನೋಡಿ, ಎರಡು ಟೀ ಮಾಲು ಎಂದು ಹಾಕಿಕೊಟ್ಟಿದ್ದರು.

ಓಡಿ ಬಂದರು. ಮೂಸಿದರು. ಅವರ ಮುಖ ನೋಡಿ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಜೆರಾಕ್ಸಿಗೆ ನಿಂತಿದ್ದ ಐದಾರು ಜನರ ಎದುರಿಗೇ ಕೂಗಾಡಿದೆ.

“ನಿಮ್ಮ ಟೀ ಕುಡಿಯೋ ಚಟಕ್ಕೆ ನನ್ನ ಮೂರು ವಾರ ಸುಟ್ಟುಹೋಯ್ತಲ್ರೀ! ಪಾಸಂತೆ ಪಾಸು! ಯಾರ್ರೀ ಹೇಳಿದ್ದು ನಿಮಗೆ ಪಾಸು ಕೊಡೋಕೆ? ಏನು ಓದ್ಕೊಂಡಿದೀರಿ ನೀವು?”

ಕೊನೆಯ ಮಾತು ಬೇಕಿರಲಿಲ್ಲ. ಏಳನೆಯ ಕ್ಲಾಸಿಗೇ ಸ್ಕೂಲು ಬಿಟ್ಟವರು ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಅಂದೆ. ಅವರು ಡಬ್ಬಿಯನ್ನು ಎದೆಗವಚಿಕೊಂಡು ಮೆಟ್ಟಿಲ ಕೆಳಕ್ಕೆ ಹೋದರು.

ಮರುದಿನ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಬಾಗಿಲಲ್ಲಿ ಕಾಯುತ್ತಿದ್ದರು. ಕೈಯಲ್ಲಿ ತಮ್ಮದೇ ಹಳೆಯ ಎಸ್‌ಎಂಪಿಎಸ್ಸು, ಒಂದು ಹಾರ್ಡ್‌ಡಿಸ್ಕು. ಹಾಕಿ, ಚಾಲೂ ಮಾಡಿ, ನನ್ನ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. “ನೋಟ್‌ಬುಕ್ ಕೊಡಿ. ನಾನು ಓದ್ತೀನಿ, ನೀವು ಕುಟ್ಟಿ. ಕಣ್ಣೆತ್ತಿ ಇಳಿಸೋ ಟೈಮ್ ಉಳೀತದೆ.”

ನಾಲ್ಕು ದಿನ ಹಾಗೇ ಕೂತರು. ತಮ್ಮ ಅಂಗಡಿ ತೆಗೆಯಲೇ ಇಲ್ಲ. ನಾನೂ ಬೇರೆ ಕೆಲಸ ಮುಟ್ಟದೆ ರಾತ್ರಿಯವರೆಗೂ ಕುಟ್ಟಿದೆ. ನನಗೆ ಇನ್ನೂ ಕೋಪ ಇಳಿದಿರಲಿಲ್ಲ. ಅವರು ಬೆರಳಿಟ್ಟು ಅಕ್ಷರ ಅಕ್ಷರವಾಗಿ ಓದುವರು, “ಇಲ್ಲಿ ಕೊಂಬು”, “ಇಲ್ಲಿ ದೀರ್ಘ ಐತೆ” ಎಂದು ಸೇರಿಸುವರು. ಎರಡನೆಯ ದಿನ ಹಸೆಗೆ ಕರೆಯುವ ಹಾಡೊಂದು ಬಂದಾಗ ಅವರ ಓದು ತಾನೇ ತಾನಾಗಿ ರಾಗಕ್ಕೆ ತಿರುಗಿತು. ಎರಡು ಸಾಲು ಹಾಡಿ ನಾಚಿ ನಿಲ್ಲಿಸಿದರು. “ಇದು ನಮ್ಮವ್ವ ಹಾಡ್ತಿದ್ಲು. ಒಂದೆರಡು ಮಾತು ಬೇರೆ ಥರ ಇತ್ತು” ಎಂದರು. ನನಗೆ ನಗು ಬಂತು, ಅಳುವೂ ಬಂತು, ಎರಡನ್ನೂ ತೋರಿಸದೆ ಟೈಪ್ ಮಾಡುತ್ತಲೇ ಇದ್ದೆ.

ನಾಲ್ಕನೆಯ ದಿನ ಸಂಜೆ ಇನ್ನು ಹತ್ತು ಪುಟ ಉಳಿದಿದ್ದಾಗ ಮಣಿಯಿಂದ ಎರಡು ಟೀ ತರಿಸಿದೆ. ಓದುತ್ತಾ ಓದುತ್ತಾ ಕುಡಿದರು. ಒಮ್ಮೆಲೇ ಓದು ನಿಂತಿತು. ನೋಡಿದರೆ ಖಾಲಿ ಪೇಪರ್ ಕಪ್ಪಿನೊಳಗೆ ಕಣ್ಣಿಟ್ಟು ಕೂತಿದ್ದಾರೆ.

“ಮೇಡಮ್ನೋರೆ, ಒಂದು ಟೀಗೆ ನಾನು ಅರ್ಧ ಪುಟಾನೂ ಓದ್ಲಿಲ್ಲ.”

“ಅದಕ್ಕೇನೀಗ?”

“ಗ್ಲಾಸ್ ಎಲ್ಲಿ ಹೋಯ್ತು?” ಎಂದರು. “ಮಣಿ ಗ್ಲಾಸ್‌ನಾಗೆ ಕೊಡ್ತಿದ್ನಲ್ಲ? ಸುಡ್ತಿತ್ತು, ಕರ್ಚೀಫ್ ಸುತ್ಕೊಂಡು ಹಿಡ್ಕೊಬೇಕಿತ್ತು. ಮುಗಿಯೋಕೆ ಕಾಲು ಗಂಟೆ. ಇದು ಎರಡು ಗುಟುಕು. ಟೀ ಸಣ್ಣದಾಗೋಗೈತೆ ಮೇಡಮ್ನೋರೆ. ನಾನು ನೋಡ್ಲೇ ಇಲ್ಲ.”

ಕೊರೊನಾ ಬಂದಾಗ ಗ್ಲಾಸನ್ನು ಯಾರೂ ಮುಟ್ಟುವುದಿಲ್ಲವೆಂದು ಮಣಿ ಪೇಪರ್ ಕಪ್ಪಿಗೆ ಬದಲಾಯಿಸಿದ್ದ, ಆಮೇಲೆ ತೊಳೆಯುವ ಕೆಲಸ ತಪ್ಪಿತೆಂದು ಅದನ್ನೇ ಮುಂದುವರಿಸಿದ್ದ. ಎಲ್ಲರಿಗೂ ಕಾಣುವ ಸಂಗತಿ. ನಾವೆಲ್ಲ ಕುಡಿದೇ ಕುಡಿದೆವು, ಯಾರಿಗೆ ಹೊಳೆಯಿತು? ಎರಡು ಟೀ ಎಂದರೆ ಅರ್ಧ ಗಂಟೆ ಇದ್ದದ್ದು ಏಳೆಂಟು ನಿಮಿಷಕ್ಕೆ ಇಳಿದಿತ್ತು. ಡಬ್ಬಿಗಳು ಬಿಸಿಯಾಗುವ ಮೊದಲೇ ಪಾಸಾಗುತ್ತಿದ್ದವು. ಸಿಟ್ಟಿನಲ್ಲಿ ಟೀ ಕುಡಿಯೋ ಚಟ ಎಂದು ಬಾಯಿಗೆ ಬಂದದ್ದು ಕೂಗಿದ್ದ ನಾನು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದೆ. ಅದರಿಂದ ನನಗೇನೂ ಖುಷಿಯಾಗಲಿಲ್ಲ.

ಲಲಿತಮ್ಮನ ಪುಸ್ತಕ ಹೇಗೋ ಮದುವೆಗೆ ಸಿಕ್ಕಿತು. ನನ್ನ ಸಂಕಟ ಅಲ್ಲಿಗೆ ಮುಗಿಯಿತು. ಅವರದು ಶುರುವಾಯಿತು. ಪೇಪರ್ ಕಪ್ಪು ಬಂದ ಮೇಲೆ ತಾವು ಪಾಸು ಮಾಡಿದ ಡಬ್ಬಿಗಳು ಯಾರ್ಯಾರ ಮನೆಯಲ್ಲಿವೆ ಎಂದು ನೆನಪು ಮಾಡಿಕೊಂಡು, ಹೆಗಲಿಗೆ ಚೀಲ, ಚೀಲದಲ್ಲಿ ಬಲ್ಬಿನ ಹಲಗೆ, ಮನೆಮನೆ ಸುತ್ತಿದರು. ಜೆಪಿ ನಗರದ ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿಯವನು ಒಳಗೆ ಬಿಡಲಿಲ್ಲ. ಬಿಟಿಎಮ್ಮಿನಲ್ಲಿ ಒಬ್ಬರು, “ಸರಿಯಾಗೇ ನಡೀತಿದೆ, ನಾವು ಕರೆದಿಲ್ಲವಲ್ಲ” ಎಂದು ಬಾಗಿಲು ಹಾಕಿಕೊಂಡರಂತೆ. ಮೊದಲೇ ಮಂಡಿನೋವು. ಸಂಜೆ ಬಂದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕಾಲು ಚಾಚಿ ಕೂರುವರು.

“ಎಷ್ಟು ದಿನ ಹೀಗೆ ಸುತ್ತುತ್ತೀರಾ, ಬಿಡಿ ಪುಟ್ಸಾಮಣ್ಣ” ಎಂದರೆ, “ಜಡೆ ಹಾಕಿ ಕಳ್ಸಿದೀನಲ್ಲ, ನಂದೇ ಅಂತ ಗೊತ್ತಾಗ್ತದೆ” ಎನ್ನುವರು.

ಸುತ್ತಾಟ ಮುಗಿದ ಮೇಲೆ ಮೊದಲಿನಂತೆ ರಿಪೇರಿ ಮಾಡಿದರು, ಜಡೆ ಹೆಣೆದರು. ಪಾಸು ಎನ್ನುವುದನ್ನು ಮಾತ್ರ ಬಿಟ್ಟೇಬಿಟ್ಟರು. ಯಾರಾದರೂ ಡಬ್ಬಿ ತಂದರೆ, “ನಂಗೊತ್ತಾಗಲ್ಲ ಸಾರ್. ಮೇಲೆ ಬರ್ದಿರ್ತಾರಲ್ಲ, ಅದನ್ನೇ ನಂಬ್ಕೊಳಿ” ಎನ್ನುವರು. ಚೀಟಿ ಓದಿ ನಗುತ್ತಿದ್ದ ಮನುಷ್ಯ! ಬಲ್ಬಿನ ಹಲಗೆ ಗೋಡೆಗೆ ಒರಗಿ ಧೂಳು ಹಿಡಿಯಿತು. ಬೆಳಗಿನ ‘ಸಾಕಾಗೋಯ್ತು’ ಮೊದಲು ತಮಾಷೆಯ ಮಾತಾಗಿತ್ತು, ಈಗ ನಿಜದ ಮಾತಾಯಿತು. ನಾನು ದಿನಾ ಕಿವಿಗೊಟ್ಟು ಕಾಯುತ್ತಿದ್ದೆ. ಮೆಟ್ಟಿಲ ಕೆಳಗಿನಿಂದ ಆ ಒಂದು ಕೂಗು ಮತ್ತೆ ಕೇಳದಿದ್ದರೆ ಅದಕ್ಕೆ ನಾನೇ ಹೊಣೆ ಎಂಬುದು ನನಗೆ ಗೊತ್ತಿತ್ತು. ಕ್ಷಮಿಸಿ ಎನ್ನಬಹುದಿತ್ತು. ಎರಡು ಸಲ ಹೋದೆ, ಎರಡು ಸಲವೂ ಮೌಸ್ ಕೆಟ್ಟಿದೆ ಎಂದು ಏನೋ ಹೇಳಿ ಬಂದೆ.

ವರ್ಷವಾದ ಮೇಲೆ ಒಂದು ದಿನ ಮಣಿಯ ಹತ್ತಿರ ಹೋಗಿ ಹಳೆಯ ಗ್ಲಾಸು ಇದೆಯಾ ಎಂದೆ. ಅಟ್ಟದ ಮೇಲಿನ ಗೋಣಿಚೀಲದಿಂದ ಗೀರು ಗೀರಾದ ಒಂದು ಗ್ಲಾಸು ತೆಗೆದು ಕೊಟ್ಟ. ನನ್ನ ಮೆಷಿನ್ನಿನಲ್ಲಿ ಇನ್ನೂ ಪುಟ್ಟಸ್ವಾಮಿಯವರ ಹಳೆಯ ಎಸ್‌ಎಂಪಿಎಸ್ಸೇ ಇತ್ತು. ಹೊಸದೊಂದು ಕೊಂಡೆ, ಇರುವುದರಲ್ಲಿ ಅಗ್ಗದ್ದು. ಗ್ಲಾಸು ತುಂಬ ಟೀ ಹಿಡಿದುಕೊಂಡು, ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡು ಮೆಟ್ಟಿಲ ಕೆಳಗೆ ಹೋದೆ. ಕೈ ಸುಡುತ್ತಿತ್ತು.

“ನೋಡಿ ಹೇಳಿ ಪುಟ್ಸಾಮಣ್ಣ.”

“ನಂಗೊತ್ತಾಗಲ್ಲ ಮೇಡಮ್ನೋರೆ...”

“ಅವತ್ತು ಹಾಗೆ ಅಂದಿದ್ದು ತಪ್ಪಾಯ್ತು. ಏನು ಓದ್ಕೊಂಡಿದೀರಿ ಅಂದೆನಲ್ಲ, ಅದು. ನೀವು ನೋಡಿ ಹೇಳದೆ ನಾನು ಇದನ್ನ ಹಾಕಲ್ಲ. ತಗೊಳ್ಳಿ ಮೊದಲು, ಕೈ ಸುಡ್ತಿದೆ!”

ಗ್ಲಾಸು ನೋಡಿದರು. ಜೇಬಿನಿಂದ ಕರ್ಚೀಫು ತೆಗೆದು ಸುತ್ತಿ ಹಿಡಿದುಕೊಂಡರು. ಹಲಗೆಯ ಧೂಳು ಒರೆಸಿದರು. ಮೂಸಿದರು, ತೂಗಿದರು, ಅಲ್ಲಾಡಿಸಿದರು. ಚೀಟಿ ಓದಿದರು, ನಗಲಿಲ್ಲ. ಬಲ್ಬು ಹತ್ತಿತು. ಒಂದು ಟೀ ಮುಗಿಯಿತು. ಅದೇ ಗ್ಲಾಸಿಗೆ ಇನ್ನೊಂದು ತಂದೆ. ಅದೂ ಮುಗಿಯಿತು. “ಇನ್ನೊಂದು” ಎಂದರು. ಮೂರನೆಯದನ್ನು ಬೇಕೆಂದೇ ನಿಧಾನ ಮಾಡಿದರು. ಅಷ್ಟು ಹೊತ್ತೂ ನನ್ನ ಅಂಗಡಿಯ ಮುಂದೆ ಜನ ಕಾದು ಬೈದುಕೊಂಡು ಹೋದರು, ಹೋಗಲಿ ಎಂದು ಬಿಟ್ಟೆ. ಮೀಟರು ಹನ್ನೊಂದು ಮುಕ್ಕಾಲಿನಿಂದ ಕದಲಲಿಲ್ಲ. ಗ್ಲಾಸನ್ನು ಮೆಲ್ಲಗೆ, ಸದ್ದಾಗದಂತೆ ಇಟ್ಟು, ನನಗಷ್ಟೇ ಕೇಳುವಂತೆ ಹೇಳಿದರು:

“ಪಾಸು.”

ಅದೇ ಅವರ ಕೊನೆಯ ಪಾಸು. ಆ ತಿಂಗಳೇ ಮಂಡಿ ಪೂರ್ತಿ ಕೈಕೊಟ್ಟಿತು. ಮೆಟ್ಟಿಲ ಕೆಳಗಿನ ಗೂಡು ಖಾಲಿ ಮಾಡಿ ಬೇಗೂರಿನಲ್ಲೇ ಇದ್ದ ಚಿಕ್ಕ ಮಗಳ ಮನೆ ಸೇರಿದರು. ಹೋಗಿ ನೋಡಿಬರಬೇಕು ಎಂದುಕೊಳ್ಳುತ್ತಲೇ ಇದ್ದೆ. ಈ ಅಂಗಡಿ ಬಿಟ್ಟು ಹೋಗುವುದೆಂದರೆ ನನಗೊಂದು ದೊಡ್ಡ ಕೆಲಸ. ಕೊನೆಗೆ ಹೋದದ್ದು ಅವರ ಹನ್ನೊಂದನೆಯ ದಿನದ ಕಾರ್ಯಕ್ಕೆ. ಊಟ ಮುಗಿಸಿ ಹೊರಡುವಾಗ ಮಗಳು ಮೀಟರಿನ ಸಮೇತ ಹಳೆಯ ಟವೆಲ್ಲಿನಲ್ಲಿ ಸುತ್ತಿದ ಬಲ್ಬಿನ ಹಲಗೆ ತಂದುಕೊಟ್ಟಳು. “ಮೇಡಮ್ನೋರಿಗೆ ಕೊಡು ಅಂದಿದ್ರು ಅಪ್ಪ. ಯಾಕೆ ಅಂತ ಹೇಳ್ಲಿಲ್ಲ.” ಬಸ್ಸಿನಲ್ಲಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬನಶಂಕರಿವರೆಗೂ ಅತ್ತೆ.

ಹಲಗೆ ನನ್ನ ಕಪಾಟಿನ ಮೇಲೆ ಸುಮ್ಮನೆ ಕೂತಿತ್ತು. ಹೋದ ವಾರ ಪಕ್ಕದ ಅಂಗಡಿಯ ಟೈಲರ್ ಸುಜಾತಾ ಒಂದು ಹೊಸ ಡಬ್ಬಿ ಹಿಡಿದುಕೊಂಡು ಬಂದಳು. ಮಗಳ ಕಂಪ್ಯೂಟರಿಗೆ ತರಿಸಿದ್ದಂತೆ, ಕಾಲೇಜಿನ ಪ್ರಾಜೆಕ್ಟೆಲ್ಲ ಅದರಲ್ಲೇ ಇದೆಯಂತೆ.

“ಅಕ್ಕಾ, ಪುಟ್ಸಾಮಣ್ಣ ನೋಡ್ತಿದ್ರಲ್ಲ, ಹಂಗೆ ಒಂಚೂರು ನೋಡಿ ಹೇಳಕ್ಕಾ. ಹಾಕ್ಬೋದಾ?”

ನಂಗೊತ್ತಾಗಲ್ಲ ಸುಜಾತಾ, ಮೇಲೆ ಬರೆದಿರುತ್ತಲ್ಲ ಎಂಬ ಮಾತು ತುಟಿಗೇ ಬಂದಿತ್ತು. ಅದು ಯಾರ ಮಾತು ಎಂದು ಹೊಳೆದು ನುಂಗಿಕೊಂಡೆ. ಡಬ್ಬಿಯನ್ನು ಮೂಸಿದೆ, ಹೊಸ ಪ್ಲಾಸ್ಟಿಕ್ಕಿನ ವಾಸನೆ ಬಿಟ್ಟು ನನಗೇನೂ ತಿಳಿಯಲಿಲ್ಲ. ಹಲಗೆ ಇಳಿಸಿ, ಅವರು ಮಾಡುತ್ತಿದ್ದ ಹಾಗೆಯೇ ಹಸಿರಿಗೂ ಕಪ್ಪಿಗೂ ಕ್ಲಿಪ್ಪು ಸಿಕ್ಕಿಸಿದೆ. ಹಳದಿ ವೈರು ಕೊಟ್ಟೊಡನೆ ಮೂರು ಬಲ್ಬೂ ಹತ್ತಿದವು. ಮಣಿಗೆ ಅದೇ ಹಳೆಯ ಗ್ಲಾಸು ಕಳಿಸಿದೆ. ಮೊದಲ ಟೀ ಮುಗಿಯುವ ಹೊತ್ತಿಗೆ ನನ್ನ ಬೆನ್ನು ಬೆವೆತಿತ್ತು. ಒಂದು ಮಾತು ಹೇಳುವುದಕ್ಕೆ ಇಷ್ಟು ಧೈರ್ಯ ಬೇಕು ಎಂದು ಅಷ್ಟು ವರ್ಷ ಪಕ್ಕದಲ್ಲಿದ್ದೂ ನನಗೆ ಗೊತ್ತಾಗಿರಲಿಲ್ಲ. ಎರಡನೆಯದನ್ನು ಕರ್ಚೀಫು ಸುತ್ತಿ ಹಿಡಿದು, ಬಲ್ಬಿನ ಮೇಲೇ ಕಣ್ಣಿಟ್ಟು, ತಳದ ಸಕ್ಕರೆಯವರೆಗೂ ಕುಡಿದೆ. ಮೀಟರು ಅಲುಗಲಿಲ್ಲ.

ಗ್ಲಾಸನ್ನು ಠಣ್ಣನೆ ಟೇಬಲ್ಲಿನ ಮೇಲಿಟ್ಟೆ.

“ಪಾಸಾಯ್ತು!”

“ಅಯ್ಯೋ, ಯಾಕಕ್ಕಾ ಅಷ್ಟು ಜೋರಾಗಿ?” ಸುಜಾತಾ ಬೆಚ್ಚಿಬಿದ್ದಳು. “ಇಲ್ಲೇ ಇದೀನಲ್ಲ.”

“ನಿನಗಲ್ಲ ಕಣೆ ಹೇಳಿದ್ದು” ಎಂದು, ಮಿಕ್ಕ ವೈರುಗಳನ್ನು ಮೂರು ಪಾಲು ಮಾಡಿಕೊಂಡೆ.